ಹಿಮವತ್ಕೇದಾರದ ಹಾದಿ ಮತ್ತು ಹಿಮದ ಅರಿವು

ವೀರಶೈವ ಪಂಚಪೀಠಗಳಲ್ಲಿ ವೈರಾಗ್ಯ ಸಿಂಹಾಸನವೆಂದು ವಿಶ್ರುತವಾದ ಕೇದಾರಪೀಠವನ್ನು ನಮ್ಮ ಹಿರಿಯರು ‘ಹಿಮವತ್ಕೇದಾರ’ವೆಂದೇ ಕರೆಯುತ್ತ ಬಂದಿದ್ದಾರೆ. ರಂಭಾಪುರಿ, ಉಜ್ಜಯಿನಿ, ಶ್ರೀಶೈಲ, ಕಾಶಿಗಳಿಗೆ ಇಲ್ಲದ ಇಂತಹ ವಿಶೇಷಣವೊಂದು ಈ ಪೀಠದ ಹೆಸರಿನೊಡನೆ ಬೆಸೆದುಕೊಂಡಿದೆ. ನಾವು ಅದನ್ನು ಕಾವ್ಯಾಲಂಕಾರವೆಂಬಂತೆ ಉಚ್ಚರಿಸಿ ಮುಂದೆ ಸಾಗುತ್ತೇವೆ. ಏಕೋರಾಮಾರಾಧ್ಯರ ಪರಂಪರೆಯನ್ನು ಕುರಿತು, ಊಖೀಮಠದ ಗದ್ದುಗೆಯನ್ನು ಕುರಿತು, ರಾವಲರ ಅಧಿಕಾರವನ್ನು ಕುರಿತು ಬರೆಹಗಳು ಬಂದಿವೆ. ಆ ಹೆಸರಿನ ಮೊದಲರ್ಧವಾದ ಹಿಮವನ್ನು ಕುರಿತು ಬಂದ ಬರೆಹಗಳು ವಿರಳ. ಆದರೆ ಆ ಕ್ಷೇತ್ರದ ಪೂಜಾಕ್ರಮ, ಬಾಗಿಲು ತೆರೆಯುವ ಮತ್ತು ಮುಚ್ಚುವ ಆಚಾರ, ಪೀಠವು ಎರಡು ನೆಲೆಗಳಲ್ಲಿ ನಿಂತಿರುವ ರೀತಿ, ಇವೆಲ್ಲವನ್ನೂ ರೂಪಿಸಿದ್ದು ಹಿಮವೇ ಎಂಬುದು ವಿಚಾರಿಸಿ ನೋಡಿದರೆ ವಿದಿತವಾಗುತ್ತದೆ. ಅಲ್ಲಿನ ಸಂಪ್ರದಾಯದಲ್ಲಿ ಹಿಮದ ಸ್ವಭಾವವನ್ನು ಕುರಿತ ಬಹುಕಾಲದ ಅರಿವೊಂದು ಅಡಗಿದೆ. ಅದನ್ನು ಇತಿಹಾಸದ ಮತ್ತು ಇಂದಿನ ಶಾಸ್ತ್ರದ ಬೆಳಕಿನಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳ ವಿಚಾರ. ಕನ್ನಡ ನಾಡಿನಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ನಮ್ಮ ಭಾಷೆಯಲ್ಲಿ ಅದಕ್ಕೆ ಸಂಬಂಧಿಸಿದ ಪದಗಳು ಸಡಿಲವಾಗಿವೆ. ಮುಂಜಾನೆಯ ಮಬ್ಬಿಗೂ ಮಂಜು, ಹುಲ್ಲಿನ ಮೇಲಿನ ಹನಿಗೂ ಮಂಜು, ಕೇದಾರದ ಬಿಳುಪಿಗೂ ಮಂಜು. ಪತ್ರಿಕೆಗಳಲ್ಲಿ ಆಕಾಶದಿಂದ ಹಿಮ ಬೀಳುವುದನ್ನೂ ಬೆಟ್ಟದಿಂದ ಹಿಮ ಜಾರುವುದನ್ನೂ ‘ಹಿಮಪಾತ’ವೆಂದೇ ಬರೆಯುವುದುಂಟು. ಇದರಿಂದ ಓದುಗರಿಗೆ ಆಗುವ ಗೊಂದಲ ಅಲ್ಪವಲ್ಲ. ಈ ಲೇಖನದಲ್ಲಿ ಆಕಾಶದಿಂದ ಬೀಳುವುದನ್ನು ಹಿಮಪಾತವೆಂದೂ, ಇಳಿಜಾರಿನಲ್ಲಿ ನಿಂತ ಹಿಮರಾಶಿಯು ಹಠಾತ್ತನೆ ಕಳಚಿ ಕೆಳಗೆ ನುಗ್ಗುವುದನ್ನು ಹಿಮಕುಸಿತವೆಂದೂ, ಶತಮಾನಗಳ ಹಿಮವು ಗಟ್ಟಿಯಾಗಿ ನೀರ್ಗಲ್ಲಾಗಿ ಕಣಿವೆಯಲ್ಲಿ ಮೆಲ್ಲನೆ ಸರಿಯುವುದನ್ನು ಹಿಮನದಿಯೆಂದೂ ಕರೆಯಲಾಗಿದೆ. ಈ ಮೂರನ್ನು ಬೇರೆಬೇರೆಯಾಗಿ ಗ್ರಹಿಸದಿದ್ದರೆ ಕೇದಾರದ ಇತಿಹಾಸವನ್ನು ಸರಿಯಾಗಿ ಅರಿಯಲು ಆಗದು.

ಕೇದಾರಕ್ಕೂ ಕನ್ನಡ ನಾಡಿಗೂ ಇರುವ ನಂಟು ಪುರಾತನವಾದುದು. ಹನ್ನೆರಡನೆಯ ಶತಮಾನದ ವೇಳೆಗೆ ಬಳ್ಳಿಗಾವೆಯ ಕೇದಾರೇಶ್ವರ ಕ್ಷೇತ್ರವು ‘ದಕ್ಷಿಣ ಕೇದಾರ’ವೆಂದು ಪ್ರಸಿದ್ಧವಾಗಿತ್ತು. ಅಲ್ಲಿನ ಕೋಡಿಯಮಠದ ವಿದ್ಯಾವೈಭವವನ್ನು ವರ್ಣಿಸುವ ೧೧೬೨ರ ಶಾಸನ ನಮ್ಮ ಸಾಹಿತ್ಯ ವಿದ್ಯಾರ್ಥಿಗಳಿಗೆ ಪರಿಚಿತವೇ ಆಗಿದೆ. ಉತ್ತರದ ಕೇದಾರದ ಕೀರ್ತಿ ಇಲ್ಲಿಯವರೆಗೆ ಹಬ್ಬಿರದಿದ್ದರೆ ‘ದಕ್ಷಿಣ’ವೆಂಬ ವಿಶೇಷಣಕ್ಕೆ ಅರ್ಥವೇ ಇರುತ್ತಿರಲಿಲ್ಲ. ಕೋಡಿಯಮಠದವರು ಕಾಳಾಮುಖರು, ಅವರಿಗೂ ವೀರಶೈವಕ್ಕೂ ಇರುವ ಸಂಬಂಧವು ವಿದ್ವಾಂಸರಲ್ಲಿ ಚರ್ಚೆಯ ವಿಷಯವಾಗಿರುವುದರಿಂದ ಈ ಆಧಾರವನ್ನು ಅತಿಯಾಗಿ ಎಳೆಯುವುದು ಯುಕ್ತವಲ್ಲ. ಅದೇ ಶತಮಾನದಲ್ಲಿ ಗಾಹಡವಾಲ ರಾಜ್ಯದ ಮಂತ್ರಿಯಾಗಿದ್ದ ಭಟ್ಟ ಲಕ್ಷ್ಮೀಧರನ ‘ಕೃತ್ಯಕಲ್ಪತರು’ವಿನಲ್ಲಿಯೂ ಕೇದಾರತೀರ್ಥದ ಉಲ್ಲೇಖವಿದೆ. ಹೀಗೆ ಎಂಟುನೂರು ವರ್ಷಗಳಿಗೂ ಹಿಂದೆ ತುಂಗಭದ್ರೆಯ ಸೀಮೆಯಲ್ಲಿಯೂ ಗಂಗೆಯ ಸೀಮೆಯಲ್ಲಿಯೂ ಈ ಹಿಮಕ್ಷೇತ್ರವು ಜನಮನದಲ್ಲಿ ನೆಲೆಗೊಂಡಿತ್ತು.

ಕೇದಾರದ ರಾವಲರು ಕನ್ನಡ ನಾಡಿನ ವೀರಶೈವ ಜಂಗಮ ಮನೆತನಗಳಿಂದ ಬರುವುದು ರೂಢಿ. ಅವರು ತಾವೇ ಕೇದಾರಲಿಂಗದ ಪೂಜೆ ಮಾಡುವುದಿಲ್ಲ. ಅವರ ಆಜ್ಞೆಯಂತೆ ಅರ್ಚಕರು ಪೂಜೆ ನಡೆಸುತ್ತಾರೆ. ರಾವಲರ ಗದ್ದುಗೆ ಇರುವುದು ಕೆಳಗಿನ ಊಖೀಮಠದಲ್ಲಿ. ಜೋಳ ರಾಗಿ ಬೆಳೆಯುವ ಬಿಸಿಲ ನಾಡಿನಲ್ಲಿ ಹುಟ್ಟಿ, ಹಿಮವನ್ನು ಕಣ್ಣಿನಿಂದ ಕಂಡರಿಯದ ಬಾಲಕನು ದೀಕ್ಷೆ ಪಡೆದು ಅಲ್ಲಿಗೆ ಹೋಗಿ, ಗಢವಾಲದ ಜನರ ಜೊತೆ ಬಾಳಿ, ಅವರಿಂದಲೇ ಹಿಮವನ್ನು ಕಲಿಯಬೇಕಾಯಿತು ಎಂಬುದನ್ನು ನಾವು ನೆನೆಯಬೇಕು. ಶಾಸ್ತ್ರವನ್ನು ಇವರು ಕೊಂಡೊಯ್ದರು, ಹಾದಿಯನ್ನು ಅವರು ತೋರಿಸಿದರು.

ಆ ಹಾದಿಯ ಸ್ವರೂಪವನ್ನು ತಿಳಿಯೋಣ. ಊಖೀಮಠವು ಸಮುದ್ರಮಟ್ಟದಿಂದ ಸುಮಾರು ೧,೩೦೦ ಮೀಟರ್ ಎತ್ತರದಲ್ಲಿದೆ. ವಾಹನದ ರಸ್ತೆ ಮುಗಿಯುವ ಗೌರೀಕುಂಡವು ಸುಮಾರು ೨,೦೦೦ ಮೀಟರ್. ಕೇದಾರನಾಥವು ೩,೫೮೩ ಮೀಟರ್. ಗೌರೀಕುಂಡದಿಂದ ಮೇಲಕ್ಕೆ ೨೦೧೩ರವರೆಗೆ ೧೪ ಕಿ.ಮೀ. ನಡಿಗೆಯಿತ್ತು, ಆ ವರ್ಷದ ಪ್ರಳಯದ ಬಳಿಕ ಹಾದಿ ಬದಲಾಗಿ ಸುಮಾರು ೧೬ ಕಿ.ಮೀ. ಆಗಿದೆ. ಹಾದಿಯುದ್ದಕ್ಕೂ ಮಂದಾಕಿನಿ ನದಿಯ ಇಕ್ಕಟ್ಟಾದ ಕಣಿವೆ. ಎರಡೂ ಪಾರ್ಶ್ವಗಳಲ್ಲಿ ಕಡಿದಾದ ಬೆಟ್ಟಗಳು. ಆ ಬೆಟ್ಟಗಳಿಂದ ಇಳಿದು ಹಾದಿಯನ್ನು ಅಡ್ಡಹಾಯ್ದು ನದಿಗೆ ಸೇರುವ ಕಡಿದಾದ ಹಳ್ಳಗಳಿಗೆ ಗಢವಾಲಿಗರು ‘ಗದೇರಾ’ ಎನ್ನುತ್ತಾರೆ. ಭೈರವ ಗದೇರಾ, ಕುಬೇರ ಗದೇರಾ ಮೊದಲಾದವು ಯಾತ್ರಿಕರ ಬಾಯಲ್ಲಿ ಬಂದಿರುವ ಹೆಸರುಗಳು. ಮಳೆಗಾಲದಲ್ಲಿ ನೀರು ಹರಿಯುವ ಈ ಹಳ್ಳಗಳೇ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಹಿಮಕುಸಿತದ ದಾರಿಗಳು. ನಡೆಯುವವನ ಕಾಲ ಕೆಳಗಿನ ಹಾದಿ ಎಷ್ಟೇ ಸೌಮ್ಯವಾಗಿದ್ದರೂ ತಲೆಯ ಮೇಲಿನ ಇಳಿಜಾರು ಅವನ ಕಣ್ಣಿಗೆ ಬೀಳದೆ ಹಿಮವನ್ನು ಹೊತ್ತು ನಿಂತಿರುತ್ತದೆ. ಈ ಹಾದಿಯ ಅಪಾಯ ಇರುವುದು ಇಲ್ಲಿಯೇ.

ಹಿಮವು ಏಕೆ ಕುಸಿಯುತ್ತದೆ? ಸಾಮಾನ್ಯ ಗ್ರಹಿಕೆಯಂತೆ ಹೆಚ್ಚು ಬಿದ್ದರೆ ಭಾರ ತಾಳದೆ ಜಾರುತ್ತದೆ. ಇದು ಅರ್ಧ ಸತ್ಯ. ಹಿಮಕುಸಿತಗಳಲ್ಲಿ ಬಹುಪಾಲು ೩೦ರಿಂದ ೪೫ ಡಿಗ್ರಿಗಳಷ್ಟು ಓರೆಯಾದ ಇಳಿಜಾರುಗಳಲ್ಲಿ ಹುಟ್ಟುತ್ತವೆ. ಅದಕ್ಕಿಂತ ಕಡಿಮೆ ಓರೆಯಿದ್ದರೆ ಹಿಮ ಸಾಮಾನ್ಯವಾಗಿ ನಿಂತುಕೊಳ್ಳುತ್ತದೆ. ಅದಕ್ಕಿಂತ ಬಹಳ ಕಡಿದಾದರೆ ರಾಶಿಗೂಡುವ ಮೊದಲೇ ಚೂರುಚೂರಾಗಿ ಉದುರಿಹೋಗುತ್ತದೆ. ಹೀಗೆ ಅಪಾಯವಿರುವುದು ನೋಡಲು ಅತಿ ಭಯಂಕರವೆನಿಸದ ನಡುವಣ ಇಳಿಜಾರುಗಳಲ್ಲಿ.

ಇನ್ನು ಪದರಗಳ ವಿಚಾರ. ಹಿಮವು ಒಂದೇ ಬಾರಿಗೆ ಬೀಳುವುದಿಲ್ಲ. ಪಶ್ಚಿಮದಿಂದ ಬರುವ ಮಾರುತಗಳು ಚಳಿಗಾಲದಲ್ಲಿ ಅಲೆಅಲೆಯಾಗಿ ಹಿಮವನ್ನು ಸುರಿಸುತ್ತವೆ. ನಡುನಡುವೆ ನಿರ್ಮಲವಾದ ಶೀತಲ ದಿನಗಳು ಬರುತ್ತವೆ. ಆದ್ದರಿಂದ ಇಳಿಜಾರಿನ ಹಿಮವು ಹೊತ್ತಗೆಯ ಹಾಳೆಗಳಂತೆ ಪದರಪದರವಾಗಿರುತ್ತದೆ. ಮೊದಲ ತೆಳುವಾದ ಹಿಮ ಬಿದ್ದ ಬಳಿಕ ಹಲವು ದಿನ ಆಕಾಶ ಶುಭ್ರವಾಗಿ ಚಳಿ ತೀವ್ರವಾದರೆ, ನೆಲದ ಬಳಿಯ ಹಿಮ ಬೆಚ್ಚಗೂ ಮೇಲ್ಮೈ ಅತಿ ತಂಪಾಗಿಯೂ ಇರುತ್ತದೆ. ಆಗ ಹಿಮದೊಳಗಿನ ಆವಿಯು ಮೇಲಕ್ಕೇರುತ್ತ ಕೆಳಗಿನ ಕಣಗಳನ್ನು ಒಂದಕ್ಕೊಂದು ಅಂಟಿಕೊಳ್ಳದ ಹರಳುಗಳನ್ನಾಗಿ ಮಾರ್ಪಡಿಸುತ್ತದೆ. ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಸೋರಿಹೋಗುವ ಪದರವದು. ಅನಂತರ ಬಿರುಗಾಳಿಯೊಡನೆ ಬಂದ ಹೊಸ ಹಿಮವು ಅದರ ಮೇಲೆ ಗಟ್ಟಿ ಹಲಗೆಯಾಗಿ ಕೂಡುತ್ತದೆ. ಕಣದಲ್ಲಿ ಹರಡಿದ ರಾಗಿಯ ಮೇಲೆ ಓರೆಯಾಗಿ ಕಲ್ಲುಚಪ್ಪಡಿಯನ್ನು ಇಟ್ಟಂತೆ ಇದು. ಒಬ್ಬ ಮನುಷ್ಯನ ಹೆಜ್ಜೆ ಸಾಕು: ಒಳಗಿನ ದುರ್ಬಲ ಪದರ ಕುಸಿದು, ಆ ಬಿರುಕು ಕ್ಷಣಾರ್ಧದಲ್ಲಿ ಇಳಿಜಾರಿನುದ್ದಕ್ಕೂ ಹಬ್ಬಿ, ಹಲಗೆಯೆಲ್ಲ ಒಮ್ಮೆಗೇ ಕಳಚಿಕೊಳ್ಳುತ್ತದೆ. ಪರ್ವತಯಾತ್ರಿಕರು ಸಿಲುಕಿದ ಹಿಮಕುಸಿತಗಳಲ್ಲಿ ಬಹುತೇಕವನ್ನು ಸಿಲುಕಿದವರು ಅಥವಾ ಅವರ ಸಂಗಡಿಗರೇ ಎಬ್ಬಿಸಿರುತ್ತಾರೆ ಎಂದು ಈ ಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ಪರ್ವತವು ತಾನಾಗಿ ಮುನಿಯಿತು ಎಂಬ ಮಾತಿಗೆ ಇದು ತಕ್ಕ ತಿದ್ದುಪಡಿ.

ಮಾತನಾಡಿದರೆ, ಕೂಗಿದರೆ ಹಿಮ ಕುಸಿಯುತ್ತದೆ ಎಂಬ ನಂಬಿಕೆ ಹಿಮಾಲಯದಲ್ಲಿಯೂ ಇದೆ, ಆಲ್ಪ್ಸ್ ಪರ್ವತಗಳಲ್ಲಿಯೂ ಇದೆ. ಮನುಷ್ಯನ ಧ್ವನಿಗೆ ಅಷ್ಟು ಬಲವಿಲ್ಲ. ಆದರೂ ಆ ಮೌನಕ್ಕೆ ಒಂದು ಪ್ರಯೋಜನ ಉಂಟು: ಕಾಲ ಕೆಳಗಿನ ಹಿಮ ‘ಧುಮ್’ ಎಂದು ಕುಗ್ಗಿದ ಸದ್ದನ್ನು ಮೌನವಾಗಿ ನಡೆಯುವವನು ಕೇಳಬಲ್ಲ. ಆ ಸದ್ದು ದುರ್ಬಲ ಪದರ ಕುಸಿದದ್ದರ ಸೂಚನೆ. ಹೆಜ್ಜೆಯ ಸುತ್ತ ಬಿರುಕು ಓಡುವುದು, ಸಮೀಪದ ಇಳಿಜಾರಿನಲ್ಲಿ ಆಗಲೇ ಹಿಮ ಜಾರಿದ ಗುರುತು, ಹಿಂದಿನ ದಿನದ ಭಾರೀ ಹಿಮಪಾತ, ಗಾಳಿ ಹಿಮವನ್ನು ಹೊತ್ತುತಂದು ಶಿಖರದ ಮರೆಯಲ್ಲಿ ತುಂಬಿರುವುದು, ಹಠಾತ್ತನೆ ಏರಿದ ಸೆಕೆ, ಇವು ಮಿಕ್ಕ ಸೂಚನೆಗಳು. ಹಿಮಪಾತದ ಸಮಯ ಮತ್ತು ಅದು ನಿಂತ ಬಳಿಕದ ಒಂದೆರಡು ದಿನಗಳು ಅತ್ಯಂತ ಅಪಾಯದವು. ಸಂಶಯವಿರುವ ಹಳ್ಳವನ್ನು ಗುಂಪಾಗಿ ದಾಟದೆ ಒಬ್ಬೊಬ್ಬರಾಗಿ ದಾಟುವುದು, ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ದಾಟುವವನ ಮೇಲೆ ಕಣ್ಣಿಡುವುದು ನಿಯಮ.

ವಸಂತದ ಹಿಮದ ಸ್ವಭಾವವೇ ಬೇರೆ. ರಾತ್ರಿ ಹೆಪ್ಪುಗಟ್ಟಿ ಕಲ್ಲಿನಂತಿರುವ ಹಿಮವು ಬಿಸಿಲೇರಿದಂತೆ ನೀರು ಕುಡಿದು ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮಧ್ಯಾಹ್ನದ ಬಳಿಕ ಇಂತಹ ಒದ್ದೆ ಹಿಮವು ಹಳ್ಳಗಳಲ್ಲಿ ಭಾರವಾಗಿ ಇಳಿಯುತ್ತದೆ. ಇದರ ಒಂದು ಘನಮೀಟರು ನಾಲ್ಕೈದು ನೂರು ಕಿಲೋ ತೂಗಬಲ್ಲದು. ನಿಂತೊಡನೆ ಗಾರೆಯಂತೆ ಬಿಗಿದುಕೊಳ್ಳುವುದರಿಂದ ಒಳಗೆ ಸಿಕ್ಕವನು ಕೈಬೆರಳನ್ನೂ ಅಲುಗಿಸಲಾರ. ಸ್ವಿಟ್ಜರ್ಲೆಂಡಿನ ಅಂಕಿಅಂಶಗಳನ್ನು ಆಧರಿಸಿ ೧೯೯೪ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪೂರ್ಣವಾಗಿ ಹೂತುಹೋದವರಲ್ಲಿ ಕಾಲು ಗಂಟೆಯ ವೇಳೆಗೆ ಹತ್ತರಲ್ಲಿ ಒಂಬತ್ತು ಮಂದಿ ಜೀವಂತರಾಗಿರುತ್ತಾರೆಂದೂ, ೩೫ ನಿಮಿಷಗಳ ವೇಳೆಗೆ ಆ ಪ್ರಮಾಣ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆಂದೂ ತೋರಿಸಿತು. ಇತ್ತೀಚಿನ ಅಧ್ಯಯನಗಳು ಆ ಕಾಲು ಗಂಟೆಯನ್ನೂ ಹತ್ತು ನಿಮಿಷಕ್ಕೆ ಇಳಿಸಿವೆ. ಹೊರಗಿನಿಂದ ಸಹಾಯ ಬರುವಷ್ಟು ಕಾಲಾವಕಾಶ ಅಲ್ಲಿಲ್ಲ. ಜೊತೆಯಲ್ಲಿದ್ದವರೇ ತೋಡಿ ತೆಗೆಯಬೇಕು.

ಈ ಹಿನ್ನೆಲೆಯಲ್ಲಿ ಕೇದಾರದ ಆಚಾರವನ್ನು ನೋಡೋಣ. ಕಾರ್ತಿಕ ಶುದ್ಧ ಬಿದಿಗೆಯ ಯಮದ್ವಿತೀಯೆಯ ವೇಳೆಗೆ ಲಿಂಗವನ್ನು ಭಸ್ಮ ಪುಷ್ಪಾದಿಗಳಿಂದ ಮುಚ್ಚಿ ಸಮಾಧಿಪೂಜೆ ನೆರವೇರಿಸಿ ಬಾಗಿಲು ಹಾಕುತ್ತಾರೆ. ಪಂಚಮುಖದ ಉತ್ಸವಮೂರ್ತಿ ಡೋಲಿಯಲ್ಲಿ ಊಖೀಮಠದ ಓಂಕಾರೇಶ್ವರ ಮಂದಿರಕ್ಕೆ ಇಳಿಯುತ್ತದೆ. ಮುಂದಿನ ಆರು ತಿಂಗಳು ಪೂಜೆ ಅಲ್ಲಿಯೇ. ಮಹಾಶಿವರಾತ್ರಿಯ ದಿನ ಅಲ್ಲಿ ಪಂಚಾಂಗವನ್ನು ನೋಡಿ ಬಾಗಿಲು ತೆರೆಯುವ ದಿನವನ್ನು ಸಾರುತ್ತಾರೆ. ಅದು ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ ಬರುತ್ತದೆ. ಡೋಲಿಯು ಗುಪ್ತಕಾಶಿ, ಫಾಟಾ, ಗೌರೀಕುಂಡಗಳಲ್ಲಿ ತಂಗಿ ಮೇಲೇರುತ್ತದೆ. ಈ ಆರು ತಿಂಗಳು ದೇವತೆಗಳು ಪೂಜಿಸುತ್ತಾರೆಂಬುದು ಶ್ರದ್ಧಾಳುಗಳ ನಂಬಿಕೆ. ಆ ನಂಬಿಕೆಯ ಮಗ್ಗುಲಲ್ಲಿಯೇ ಒಂದು ವ್ಯಾವಹಾರಿಕ ಫಲವೂ ಇದೆ: ಪದರಗಳು ಕೂಡುವ ಮಾರ್ಗಶಿರ-ಪುಷ್ಯ, ಭಾರೀ ಹಿಮ ಬೀಳುವ ಮಾಘ, ಅದು ಕುಸಿಯುವ ಫಾಲ್ಗುಣ-ಚೈತ್ರ, ಇಷ್ಟು ಕಾಲವೂ ಯಾತ್ರಿಕನು ಆ ಹಾದಿಯಲ್ಲಿ ಕಾಲಿಡುವ ಪ್ರಸಂಗವೇ ಬಾರದು. ಯಾವ ಎಚ್ಚರಿಕೆಯ ಫಲಕಕ್ಕೂ ಯಾವ ಕಾಯಿದೆಗೂ ಇಲ್ಲದ ಬಲದಿಂದ, ಬಾಗಿಲಿಗೆ ಹಾಕಿದ ಬೀಗವು ಶತಮಾನಗಳ ಕಾಲ ಜನರನ್ನು ಅಪಾಯದಿಂದ ದೂರವಿಟ್ಟಿತು.

ಆದರೆ ಇಲ್ಲೊಂದು ತೊಡಕಿದೆ. ಪಂಚಾಂಗವು ಚಾಂದ್ರಮಾನದ್ದು, ಹಿಮವು ಕರಗುವುದು ಸೂರ್ಯನ ಗತಿಯಂತೆ. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ಬಾಗಿಲು ತೆರೆಯುವ ದಿನ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ, ಅಧಿಕಮಾಸ ಬಂದಾಗ ಒಮ್ಮೆಗೇ ಮುಂದಕ್ಕೆ ಹೋಗುತ್ತದೆ. ೨೦೨೩ರಲ್ಲಿ ಏಪ್ರಿಲ್ ೨೫ರಂದು ಬಾಗಿಲು ತೆರೆಯಿತು. ಆ ವರ್ಷ ಅಧಿಕ ಶ್ರಾವಣ ಬಂದುದರಿಂದ ೨೦೨೪ರಲ್ಲಿ ಅದು ಮೇ ೧೦ಕ್ಕೆ ಹೋಯಿತು. ೨೦೨೫ರಲ್ಲಿ ಮತ್ತೆ ಮೇ ೨ಕ್ಕೆ ಬಂದಿತು. ಹದಿನೈದು ದಿನಗಳ ಈ ಅಂತರವು ಬಯಲು ಸೀಮೆಯವರಿಗೆ ಗಣನೆಗೆ ಬಾರದು. ೩,೦೦೦ ಮೀಟರಿನ ಮೇಲೆ ವಸಂತದ ಹದಿನೈದು ದಿನವೆಂದರೆ ಒಂದು ಹಳ್ಳ ಹಿಮದಿಂದ ತುಂಬಿರುವುದಕ್ಕೂ ಬರಿದಾಗಿರುವುದಕ್ಕೂ ಇರುವ ಅಂತರ. ೨೦೨೩ರಲ್ಲಿ ಹಿಮಪಾತದ ನಡುವೆಯೇ ಯಾತ್ರೆ ಮೊದಲಾಗಿ, ಮೇ ತಿಂಗಳ ಮೊದಲ ವಾರದಲ್ಲಿ ಭೈರವ ಮತ್ತು ಕುಬೇರ ಗದೇರಾಗಳಲ್ಲಿ ಹಿಮ ಕುಸಿದು ಹಾದಿ ಮುಚ್ಚಿ, ಯಾತ್ರೆಯನ್ನು ತಡೆಹಿಡಿಯಬೇಕಾಯಿತು.

ಹಿಂದಿನ ಕಾಲದಲ್ಲಿ ಈ ತೊಡಕು ಅಷ್ಟಾಗಿ ಬಾಧಿಸಲಿಲ್ಲ. ದಕ್ಷಿಣದ ಯಾತ್ರಿಕನು ಹರಿದ್ವಾರದಿಂದ ಚಟ್ಟಿಯಿಂದ ಚಟ್ಟಿಗೆ ವಾರಗಟ್ಟಲೆ ನಡೆದು ಕೇದಾರವನ್ನು ಮುಟ್ಟುತ್ತಿದ್ದ. ಚಟ್ಟಿಗಳೆಂದರೆ ಯಾತ್ರಿಕರು ತಂಗಿ ಅಡುಗೆ ಮಾಡಿಕೊಳ್ಳುತ್ತಿದ್ದ ಹಾದಿಬದಿಯ ತಾಣಗಳು. ಮೇಲಿನಿಂದ ಇಳಿದು ಬರುವವರ ಬಾಯಿಂದಲೇ ಹಾದಿಯ ಸುದ್ದಿ ಅವನಿಗೆ ತಿಳಿಯುತ್ತಿತ್ತು. ಈಗ ಬಾಗಿಲು ತೆರೆಯುವ ದಿನವೇ ದರ್ಶನ ಪಡೆಯಬೇಕೆಂಬ ಹಂಬಲ ಬೆಳೆದಿದೆ. ೨೦೨೪ ಮತ್ತು ೨೦೨೫ರಲ್ಲಿ ಮೊದಲ ದಿನವೇ ೨೫,೦೦೦ಕ್ಕೂ ಹೆಚ್ಚು ಮಂದಿ ಅಲ್ಲಿ ನೆರೆದರು. ಬಾಗಿಲು ತೆರೆಯುವ ವಿಧಿಗೆ ಬೇಕಾದುದು ಡೋಲಿ, ರಾವಲರು, ಅರ್ಚಕರು ಮತ್ತು ಕೆಲವೇ ಸೇವಕರು. ಆ ವಿಧಿಯು ಪಂಚಾಂಗದಂತೆ ನಡೆಯಲಿ. ಜನಸಮೂಹವು ಹಾದಿಯ ಹಿಮವನ್ನು ನೋಡಿಕೊಂಡು ಹತ್ತಲಿ. ಇವೆರಡನ್ನೂ ಒಂದೇ ದಿನಕ್ಕೆ ಕಟ್ಟಿಹಾಕಬೇಕೆಂಬ ವಿಧಿ ಯಾವ ಆಗಮದಲ್ಲಿಯೂ ನನಗೆ ಕಂಡುಬಂದಿಲ್ಲ.

ಹಿಮವನ್ನು ಅರಿತು ಬಾಳುವ ಈ ಕ್ರಮಕ್ಕೆ ತೀರ ವಿರುದ್ಧವಾದ ಮತ್ತೊಂದು ಆಚರಣೆಯೂ ಅದೇ ಕ್ಷೇತ್ರದಲ್ಲಿ ಇತ್ತೆಂಬುದನ್ನು ಮರೆಮಾಚುವುದು ಇತಿಹಾಸಕ್ಕೆ ಒಪ್ಪುವುದಿಲ್ಲ. ಅಟ್ಕಿನ್ಸನ್ ಎಂಬ ಆಂಗ್ಲ ಅಧಿಕಾರಿ ೧೮೮೨ರಿಂದ ೧೮೮೬ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ಹಿಮಾಲಯ ಪ್ರಾಂತದ ಗೆಜೆಟಿಯರಿನಲ್ಲಿ ಇದರ ವರ್ಣನೆಯಿದೆ. ಕೇದಾರದ ಮೇಲಣ ‘ಭೈರವಝಂಪ’ವೆಂಬ ಕಡಿದಾದ ಬಂಡೆಯಿಂದ ಮೋಕ್ಷಾರ್ಥಿಗಳು ಹಾರಿ ಪ್ರಾಣ ಬಿಡುತ್ತಿದ್ದರು. ಇನ್ನು ಕೆಲವರು ‘ಮಹಾಪಥ’ವೆಂದು ಹಿಮದತ್ತ ನಡೆಯುತ್ತ ನಡೆಯುತ್ತ ಚಳಿಗೆ ಸೋತು ಬಿದ್ದು ಅಲ್ಲಿಯೇ ಒಡಲನ್ನು ಬಿಡುತ್ತಿದ್ದರು. ಪಾಂಡವರ ಮಹಾಪ್ರಸ್ಥಾನದ ಕಥೆ ಅವರಿಗೆ ಆದರ್ಶವಾಗಿತ್ತು. ೧೮೧೫ರಲ್ಲಿ ಆ ಪ್ರಾಂತವು ಬ್ರಿಟಿಷರ ವಶವಾದ ಬಳಿಕ ಈ ಪದ್ಧತಿಗೆ ತಡೆ ಬಿದ್ದಿತು. ಅಲ್ಲಿ ೧೮೩೫ರವರೆಗೆ ಕಮಿಷನರನಾಗಿದ್ದ ಟ್ರೇಲ್ ಎಂಬಾತನ ಕಾಲದಲ್ಲಿಯೇ ಯಾತ್ರೆಯ ಹಾದಿಗಳನ್ನು ಕಟ್ಟಿ ಸರಿಪಡಿಸುವ ಕಾರ್ಯವೂ ನಡೆಯಿತು.

ಶರೀರವನ್ನು ಲಿಂಗದ ನೆಲೆಯೆಂದು ಭಾವಿಸಿ, ಅಂಗದ ಮೇಲೆ ಲಿಂಗವನ್ನು ಧರಿಸಿದ ವೀರಶೈವನಿಗೆ ಆ ಶರೀರವನ್ನು ಹಿಮದಲ್ಲಿ ಎಸೆದು ಸಾಧಿಸತಕ್ಕದ್ದು ಏನು? ಲಿಂಗಾಂಗ ಸಾಮರಸ್ಯವು ಬದುಕಿದ್ದಾಗಲೇ ದೊರೆಯಬೇಕಾದ ಸಿದ್ಧಿ. ಪೀಠದ ಹೆಸರಿನ ವೈರಾಗ್ಯವು ವಿಷಯಗಳ ಮೇಲಣ ವೈರಾಗ್ಯವೇ ಹೊರತು ಕಾಯದ ಮೇಲಣ ದ್ವೇಷವಲ್ಲ. ಚಳಿಗಾಲ ಬಂದಾಗ ಪೀಠವು ತಾನೇ ಕೆಳಗಿಳಿದು ಬರುವ ಸಂಪ್ರದಾಯವನ್ನು ಇಟ್ಟುಕೊಂಡವರು, ಹಿಮದಲ್ಲಿ ಮಡಿಯುವುದನ್ನು ಧರ್ಮವೆಂದು ಬೋಧಿಸಿದ್ದರೆಂದು ನಂಬುವುದು ಕಷ್ಟ.

ಹಿಮದ ಹಿಂಬದಿಯ ಹಾದಿಗಳನ್ನು ಕುರಿತ ಒಂದು ಐತಿಹ್ಯವನ್ನು ಇಲ್ಲಿ ಪರಿಶೀಲಿಸಬಹುದು. ಪೂರ್ವದಲ್ಲಿ ಒಬ್ಬನೇ ಅರ್ಚಕನು ಒಂದೇ ದಿನದಲ್ಲಿ ಬದರಿಯಲ್ಲಿಯೂ ಕೇದಾರದಲ್ಲಿಯೂ ಪೂಜೆ ಮಾಡುತ್ತಿದ್ದನಂತೆ. ಎರಡು ಕ್ಷೇತ್ರಗಳ ನಡುವೆ ನೇರರೇಖೆಯಲ್ಲಿ ಸುಮಾರು ೪೦ ಕಿ.ಮೀ. ಅಂತರ, ಯಾತ್ರಾಮಾರ್ಗದಲ್ಲಿ ಹೋದರೆ ಹಲವು ದಿನಗಳ ನಡಿಗೆ. ೧೯೩೪ರಲ್ಲಿ ಎರಿಕ್ ಶಿಪ್ಟನ್ ಮತ್ತು ಟಿಲ್ಮನ್ ಎಂಬಿಬ್ಬರು ಆಂಗ್ಲ ಪರ್ವತಾರೋಹಿಗಳು ಅಂಗ್ ಥಾರ್ಕೆ, ಪಸಂಗ್, ಕುಸಂಗ್ ಎಂಬ ಮೂವರು ಶೆರ್ಪಾಗಳೊಡನೆ ಈ ಐತಿಹ್ಯದ ಜಾಡು ಹಿಡಿದು ಬದರಿಯ ಕಡೆಯ ಸತೋಪಂಥ ಹಿಮನದಿಯಿಂದ ಮೇಲೇರಿ, ಸುಮಾರು ೧೮,೦೦೦ ಅಡಿ ಎತ್ತರದಲ್ಲಿ ಜಲವಿಭಾಜಕವನ್ನು ದಾಟಿ ಕೇದಾರದ ಕಡೆಗೆ ಇಳಿದರು. ಮಳೆಗಾಲವದು. ಕಡಿದಾದ ನೀರ್ಗಲ್ಲಿನ ಇಳಿಜಾರನ್ನು ಕಷ್ಟದಿಂದ ಇಳಿದ ಮೇಲೆ ದಟ್ಟವಾದ ಕಾಡು ಎದುರಾಯಿತು. ತಂದ ಆಹಾರ ಮುಗಿದು, ಕರಡಿಗಳು ಮೆಚ್ಚುವ ಕಳಲೆಯನ್ನೇ ಬೇಯಿಸಿ ತಿನ್ನುತ್ತ, ಹಲವು ದಿನಗಳ ಬಳಿಕ ಬಸವಳಿದು ಹಳ್ಳಿಯೊಂದನ್ನು ಸೇರಿದರು. ಪಳಗಿದ ಐವರಿಗೆ ಇಷ್ಟು ಕಠಿಣವಾದುದನ್ನು ಅರ್ಚಕನೊಬ್ಬ ನಿತ್ಯವೂ ಮಾಡುತ್ತಿದ್ದನೆಂಬುದು ಸಂಭವವಲ್ಲ. ಹಿಂದೆ ಎರಡೂ ಕ್ಷೇತ್ರಗಳ ನಡುವೆ ಇದ್ದಿರಬಹುದಾದ ನಿಕಟ ಬಾಂಧವ್ಯದ ನೆನ��ಪನ್ನು ಐತಿಹ್ಯವು ಈ ರೂಪದಲ್ಲಿ ಉಳಿಸಿಕೊಂಡಿದೆಯೆಂದು ಊಹಿಸುವುದು ಲೇಸು.

ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ಮತ್ತಷ್ಟು ಹತ್ತಿರದ್ದು. ೬,೯೪೦ ಮೀಟರ್ ಎತ್ತರದ ಕೇದಾರನಾಥ ಶಿಖರವನ್ನು ೧೯೪೭ರಲ್ಲಿ ಮೊದಲು ಏರಿದ ಸ್ವಿಸ್ ತಂಡದಲ್ಲಿ ಆಂದ್ರೆ ರಾಖ್ ಎಂಬಾತ ಇದ್ದ. ಸ್ವಿಟ್ಜರ್ಲೆಂಡಿನ ದಾವೋಸ್ ಬಳಿಯ ಹಿಮ ಸಂಶೋಧನಾ ಸಂಸ್ಥೆಯಲ್ಲಿ ಹಿಮಕುಸಿತವನ್ನು ಅಭ್ಯಸಿಸಿ ಖ್ಯಾತಿ ಪಡೆದವನು ಈತ. ಮುಂದೆ ೧೯೫೩ರಲ್ಲಿ ಎವರೆಸ್ಟ್ ಏರಿದ ತೇನ್‌ಸಿಂಗನು ಆ ಯಾತ್ರೆಯಲ್ಲಿಯೇ ಶೆರ್ಪಾಗಳ ನಾಯಕನಾದ. ಭಾರತದಲ್ಲಿ ಈ ವಿದ್ಯೆಗೆ ನೆಲೆ ದೊರೆತದ್ದು ೧೯೬೯ರಲ್ಲಿ, ರಕ್ಷಣಾ ಇಲಾಖೆಯ ಅಧೀನದಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಆರಂಭವಾದಾಗ. ೨೦೨೦ರಲ್ಲಿ ಅದು ಬೇರೊಂದು ಸಂಸ್ಥೆಯೊಡನೆ ಸೇರಿ ಹೊಸ ಹೆಸರು ಪಡೆಯಿತು. ಗಡಿಯ ಸೈನಿಕರಿಗಾಗಿ ಬೆಳೆದ ಈ ವಿದ್ಯೆಯ ಎಚ್ಚರಿಕೆಗಳು ಈಗ ಯಾತ್ರಾಸೀಮೆಗೂ ತಲುಪುತ್ತಿವೆ.

ಕೇದಾರ ದೇವಾಲಯವು ನಾಲ್ಕುನೂರು ವರ್ಷ ಹಿಮದಡಿಯಲ್ಲಿ ಹೂತುಹೋಗಿತ್ತೆಂಬ ಮಾತೊಂದು ೨೦೧೩ರ ಬಳಿಕ ಪತ್ರಿಕೆಗಳಲ್ಲಿ ಹರಡಿತು. ಪೀಠದ ಇತಿಹಾಸವನ್ನು ಬರೆಯುವವರು ಇದನ್ನು ತೂಗಿನೋಡದೆ ಸ್ವೀಕರಿಸಬಾರದು. ಇದಕ್ಕೆ ಮೂಲ, ದೆಹರಾದೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು ದೇವಾಲಯದ ಹಿಂದಿನ ಚೋರಾಬಾರಿ ಹಿಮನದಿಯ ಬಳಿ ನಡೆಸಿದ ಅಧ್ಯಯನ. ಹಿಮನದಿಯು ತಂದೊಡ್ಡಿದ ದಿಬ್ಬಗಳ ಬಂಡೆಗಳ ಮೇಲೆ ಬೆಳೆದ ಕಲ್ಲುಹೂವಿನ ಗಾತ್ರವನ್ನು ಅಳೆದು ಅದರ ವಯಸ್ಸನ್ನು ಲೆಕ್ಕಹಾಕುವ ಕ್ರಮವದು. ನಮ್ಮ ಅಡುಗೆಮನೆಯ ಮಸಾಲೆಗೆ ಸೇರುವ ಕಲ್ಲುಹೂವಿನ ಬಳಗದ್ದೇ ಬೇರೊಂದು ಜಾತಿ ಅಲ್ಲಿ ಕಾಲಗಣನೆಯ ಸಾಧನವಾಗಿದೆ! ಹದಿನಾಲ್ಕನೆಯ ಶತಮಾನದ ನಡುವಿನಿಂದ ಮುಂದೊತ್ತಿ ಬಂದ ಹಿಮನದಿಯು ೧೭೪೮ರ ಸುಮಾರಿಗೆ ಹಿಂಜರಿಯತೊಡಗಿತೆಂದು ಅದರಿಂದ ತಿಳಿದುಬಂದಿತು. ಇದು ಹಿಮನದಿಯ ಚರಿತ್ರೆ. ದೇವಾಲಯದ ಗೋಡೆಗಳ ಕಥೆಯನ್ನು ಇದರಿಂದಲೇ ನೇರವಾಗಿ ಹೇಳಲಾಗದು. ಸರಿಯುವ ನೀರ್ಗಲ್ಲಿನ ಕೆಳಗೆ ಕಟ್ಟಡವೊಂದು ನಾಲ್ಕು ಶತಮಾನ ನಿಂತಿತ್ತೆಂದರೆ ಅದಕ್ಕೆ ಇನ್ನೂ ಬಲವಾದ ಆಧಾರ ಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಹಾಗಿತ್ತೆಂದು ಹೇಳುವವರಿಗೆ ೧೮೮೨ರ ಛಾಯಾಚಿತ್ರವೇ ಉತ್ತರ: ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಆ ಚಿತ್ರದಲ್ಲಿ ದೇವಾಲಯವು ಹಿಮನದಿಯಿಂದ ದೂರವಾಗಿ, ಸುತ್ತ ಮನೆಗಳ ಸಂದಣಿಯಿಲ್ಲದೆ ಬಯಲಲ್ಲಿ ನಿಂತಿದೆ. ಪ್ರತಿ ಚಳಿಗಾಲದ ಹಿಮವು ಗುಡಿಯನ್ನು ಮುತ್ತುವುದನ್ನೂ ಹಿಮನದಿಯು ಅದರ ಮೇಲೆ ಹರಿಯುವುದನ್ನೂ ಒಂದೆಂದು ತಿಳಿದದ್ದರಿಂದ ಈ ಮಾತು ಅಷ್ಟು ಸುಲಭವಾಗಿ ಹರಡಿತೆಂದು ನನ್ನ ಎಣಿಕೆ.

೨೦೧೩ರ ಜೂನ್ ೧೬ ಮತ್ತು ೧೭ರ ದುರಂತವೂ ಹಿಮಕುಸಿತದ್ದಲ್ಲ. ಚೋರಾಬಾರಿಯಲ್ಲಿದ್ದ ಮಳೆಮಾಪಕ ಒಂದು ದಿನದಲ್ಲಿ ೩೨೫ ಮಿ.ಮೀ. ಮಳೆಯನ್ನು ದಾಖಲಿಸಿತ್ತು. ಆ ಮಳೆಯೂ ಅದರಿಂದ ಕರಗಿದ ಹಿಮವೂ ಸೇರಿ, ಕೋಡಿಯಿಲ್ಲದ ಚೋರಾಬಾರಿ ಸರೋವರ ತುಂಬಿ, ಅದರ ಕಲ್ಲುಮಣ್ಣಿನ ದಂಡೆ ೧೭ರ ಬೆಳಿಗ್ಗೆ ಒಡೆಯಿತು. ೧೯೪೮ರಲ್ಲಿ ಮಹಾತ್ಮರ ಚಿತಾಭಸ್ಮವನ್ನು ವಿಸರ್ಜಿಸಿದ ಬಳಿಕ ಗಾಂಧಿ ಸರೋವರವೆನಿಸಿದ್ದುದು ಇದೇ. ರಾಂಬಾಡಾ ಎಂಬ ತಂಗುದಾಣವು ಹೇಳಹೆಸರಿಲ್ಲದಂತೆ ಅಳಿಯಿತು. ಅನಂತರ ಅಲ್ಲಿಂದ ಮೇಲೆ ಲಿಂಚೋಲಿಯ ಮೂಲಕ ನದಿಯ ಎದುರು ದಡದಲ್ಲಿ ಹೊಸ ಹಾದಿಯನ್ನು ಕಡಿದರು. ಪ್ರವಾಹದಿಂದ ದೂರ ಹೋದ ಹಾದಿಯು ಹಿಮ ಇಳಿಯುವ ಗದೇರಾಗಳ ಕೆಳಗೆ ಬಂದಿತು.

ಬಾಗಿಲು ತೆರೆದಿರುವ ಕಾಲವೆಲ್ಲ ನಿರಪಾಯವೆಂದೂ ಹೇಳುವಂತಿಲ್ಲ. ೨೦೨೨ರ ಅಕ್ಟೋಬರ್ ೪ರಂದು ಉತ್ತರಕಾಶಿ ಜಿಲ್ಲೆಯ ‘ದ್ರೌಪದೀ ಕಾ ಡಾಂಡಾ’ ಶಿಖರದಲ್ಲಿ ತರಬೇತಿ ಪಡೆಯುತ್ತಿದ್ದ ಪರ್ವತಾರೋಹಿಗಳ ಮೇಲೆ ಹಿಮ ಕುಸಿಯಿತು. ೨೭ ಮಂದಿಯ ದೇಹಗಳು ದೊರೆತವು, ಇಬ್ಬರು ದೊರೆಯಲಿಲ್ಲ. ಕೇದಾರದ ಬಾಗಿಲು ಆಗ ತೆರೆದೇ ಇತ್ತು. ಇನ್ನು ೨೦೨೫ರ ಫೆಬ್ರವರಿ ೨೮ರಂದು ಬದರಿಯಾಚೆಯ ಮಾಣಾ ಬಳಿ ರಸ್ತೆ ಕೆಲಸಗಾರರ ಶಿಬಿರವನ್ನು ಹಿಮ ಮುಚ್ಚಿತು. ೫೪ ಮಂದಿಯಲ್ಲಿ ೪೬ ಮಂದಿ ಬದುಕಿದರು, ಎಂಟು ಮಂದಿ ಮಡಿದರು. ಅವರು ಮಲಗಿದ್ದ ಕಬ್ಬಿಣದ ಪೆಟ್ಟಿಗೆಯಂತಹ ಮನೆಗಳೊಳಗೆ ಗಾಳಿ ಉಳಿದುದೇ ಬಹುಮಂದಿಯ ಪ್ರಾಣವನ್ನು ಕಾಯಿತು. ಬದರಿಯ ಬಾಗಿಲು ಮುಚ್ಚಿ, ಅರ್ಚಕರೂ ಯಾತ್ರಿಕರೂ ಕೆಳಗಿಳಿದಿದ್ದ ಕಾಲವದು. ಸಂಪ್ರದಾಯವು ಯಾತ್ರಿಕನನ್ನು ಕೆಳಗಿಳಿಸಿತು. ಕೂಲಿಯವನನ್ನು ಇಳಿಸುವ ಸಂಪ್ರದಾಯ ಇನ್ನೂ ಹುಟ್ಟಿಲ್ಲ.

ಸ್ಥಾವರ ಜಂಗಮಗಳ ತತ್ತ್ವವನ್ನು ಬಲ್ಲ ನಮ್ಮ ಓದುಗರಿಗೆ ಕೇದಾರದ ಈ ಏರಿಳಿತ ವಿಶೇಷವಾಗಿ ಮನಮುಟ್ಟಬೇಕು. ಸ್ವಯಂಭೂಲಿಂಗವು ಹಿಮದಲ್ಲಿ ನಿಲ್ಲುತ್ತದೆ. ಜಂಗಮನು ಚಲಿಸುತ್ತಾನೆ, ಚಲಿಸುವುದೇ ಅವನ ಧರ್ಮ. ಇಷ್ಟಲಿಂಗಧಾರಿಗೆ ಪೂಜೆಯು ಸ್ಥಳಕ್ಕೆ ಕಟ್ಟಿದುದಲ್ಲವಾದ್ದರಿಂದ, ಆರು ತಿಂಗಳು ಮೇಲೆ ಹೋಗದಿದ್ದರೆ ಭಕ್ತಿಗೆ ಊನ ಬಂದಿತೆಂದು ಅವನು ಭಾವಿಸಬೇಕಾಗಿಲ್ಲ. ಚಳಿಗಾಲದಲ್ಲಿ ಊಖೀಮಠದಲ್ಲಿ ಕೇದಾರನ ದರ್ಶನ ಪಡೆಯುವುದು ಕಡಿಮೆ ಫಲದ್ದೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ರಾವಲರ ಗದ್ದುಗೆಯೂ ಉತ್ಸವಮೂರ್ತಿಯೂ ನಿತ್ಯಪೂಜೆಯೂ ಆಗ ಅಲ್ಲಿಯೇ ಇರುವಾಗ ಈ ಎಣಿಕೆಗೆ ಆಧಾರವಿಲ್ಲ. ಪುಷ್ಯ ಮಾಘಗಳಲ್ಲಿ ಹೋದ ಕನ್ನಡ ಯಾತ್ರಿಕನಿಗೆ ಅಲ್ಲಿ ನೂಕುನುಗ್ಗಲಿಲ್ಲದ ದರ್ಶನ ದೊರೆಯುತ್ತದೆ; ಎದುರಿಗೆ ಹಿಮಶಿಖರಗಳೂ ಕಾಣುತ್ತವೆ.

ಶಿವರಾತ್ರಿಯಂದು ದಿನ ಸಾರಿದ ಮೇಲೆ, ಡೋಲಿ ಹೊರಡುವುದಕ್ಕೆ ವಾರಗಳ ಮುಂಚೆಯೇ ಕೂಲಿಕಾರರ ತಂಡಗಳು ಸಲಿಕೆ ಗುದ್ದಲಿಗಳನ್ನು ಹಿಡಿದು ಲಿಂಚೋಲಿಯ ಮೇಲಣ ಹಿಮವನ್ನು ಕಡಿಯಲು ಹತ್ತುತ್ತವೆ. ಗದೇರಾಗಳಲ್ಲಿ ಕುಸಿದು ಗಟ್ಟಿಯಾದ ರಾಶಿಯನ್ನು ಆಳೆತ್ತರದ ಗೋಡೆಗಳಂತೆ ಎರಡು ಬದಿಗೆ ಕೊರೆದು ನಡುವೆ ಹಾದಿ ಬಿಡಿಸುತ್ತಾರೆ. ಮೇಲೆ ಮತ್ತೆ ಬಿದ್ದರೆ ಮತ್ತೆ ಕಡಿಯುತ್ತಾರೆ. ಕೇದಾರನ ಪಂಚಮುಖಿ ಡೋಲಿ ಪ್ರತಿ ವರ್ಷ ಮೇಲೇರುವುದು ಅವರು ಬಿಡಿಸಿದ ಆ ಹಾದಿಯಲ್ಲಿ.